ಕೂಕ್ ನಿಂತ ಗಿರಣಿ

ನನ್ನ ಬಾಯಿ ದೊಡ್ಡದು ಅಂತ ನನ್ನ ತವರೂರು ಇಂಡ್ಯಾಗ ನಮ್ಮವ್ವ ಮದವಿಗೆ ಮುಂಚೇನ ಬೀಗರಿಗೆ ಹೇಳಿ ಕೈ ತೊಳಕೊಂಡಿದ್ಲು. ಆಮ್ಯಾಲ ಯಾರೂ ದೂರು ತರಬಾರದು ನೋಡ್ರಿ, ಅದಕ್ಕ. ಬೀಗರೂ ಶಾಣ್ಯಾರು. ನಮ್ಮದು ಗಿರಣಿ ಮನಿ, ಅಲ್ಲಿ ಎಷ್ಟ ದೊಡ್ಡ ಬಾಯಿ ಇದ್ರೂ ಯಾರಿಗೂ ಕೇಳೂದಿಲ್ಲ ಅಂದ್ರಂತ. ಹಂಗ ನಾ ಬಸವನ ಬಾಗೇವಾಡಿ ತಾಲೂಕಿನ ಒಂದ ಸಣ್ಣ ಊರಿಗೆ, ನಿಡಗುಂದಿ ರಸ್ತಾ ಹಿಡದು ಹೋದ್ರ ಎಡಕ್ಕ ಬರೂ ಊರಿಗೆ, ಹಿಟ್ಟಿನ ಗಿರಣಿ ಮನಿಗೆ ಸೊಸಿಯಾಗಿ ಬಂದೆ.

ಗಿರಣಿ ಅಂದ್ರ ಇಂಜಿನ್ ಗಿರಣಿ. ಎಮ್ಮಿ ಗಾತ್ರದ ಕರೀ ಡೀಸೆಲ್ ಇಂಜಿನ್ನು. ಅದರ ಹೊಗಿ ಕೊಳವಿ ಮಾಳಗಿ ದಾಟಿ ಮ್ಯಾಲ ಹೋಗಿತ್ತು, ತುದಿಗೆ ಒಂದ ತಗಡಿನ ಡಬ್ಬಿ ಬಡದಿದ್ರು. ಇಂಜಿನ್ ಸುರು ಆತಂದ್ರ ಆ ಡಬ್ಬಿ ಕೂಕ್ ಕೂಕ್ ಕೂಕ್ ಅಂತ ಕೂಗತಿತ್ತು. ಹಳ್ಳದ ಆಚಿ ತೋಟದ ಮನಿಗೂ ಕೇಳಬೇಕು, ತಾಂಡಾಕ್ಕೂ ಕೇಳಬೇಕು, ಅದಕ್ಕಂತ ಮಾಡಿದ್ದದು. ಕೂಕ್ ಕೇಳಿದ ಮ್ಯಾಲೇನ ಹೆಣ್ಮಕ್ಕಳು ಬುಟ್ಟಿ ತಲಿ ಮ್ಯಾಲ ಇಟಗೊಂಡು ಮನಿ ಬಿಡೂದು. ಕೇಳಲಿಲ್ಲಂದ್ರ ಗಿರಣಿ ಬಂದ್ ಅಂತ ಅರ್ಥ. ನಮ್ಮೂರಾಗ ಗಡಿಯಾರಕ್ಕಿಂತ ಆ ಡಬ್ಬಿಗೇ ಮರ್ಯಾದಿ ಜಾಸ್ತಿ ಇತ್ತು.

ಒಳಗ ಅಂತೂ ದೇವರಾಣಿ, ನಿಮ್ಮ ಮಾತು ನಿಮಗ ಕೇಳತಿದ್ದಿಲ್ಲ. ಅಲ್ಲಿ ಎಲ್ಲಾ ಕೈಸನ್ನಿ. ರೊಟ್ಟಿ ಬಡದಂಗ ಎರಡೂ ಕೈ ತಟ್ಟಿದ್ರ ಜ್ವಾಳ. ಲಟ್ಟಣಗಿ ಉರುಳಿಸಿದಂಗ ಮಾಡಿದ್ರ ಚಪಾತಿ ಗೋದಿ. ಹೆಬ್ಬಟ್ಟಿಗೆ ತೋರಬಟ್ಟು ತಿಕ್ಕಿದ್ರ ಸಣ್ಣಗ ಬೀಸ್ರಿ ಅಂತ, ಮುಷ್ಟಿ ಮ್ಯಾಲೆತ್ತಿದ್ರ ರವಾ ಒಡೀರಿ ಅಂತ. ನಮ್ಮ ಮಾವಾರು ಕಲ್ಲಿನ ಮುಂದ ನಿಂತು, ಬಾಗಲದಾಗ ಬಂದಾಕಿ ಬುಟ್ಟಿ ಇಳಸೂದ್ರಾಗ ಆಕಿ ಕೈ ನೋಡಿ ಗೋಣ ಹಾಕತಿದ್ರು. ಅವರ ಕೈಯಾಗ ಒಬ್ಬಾಕಿ ಹಿಟ್ಟು ಇನ್ನೊಬ್ಬಾಕಿ ಬುಟ್ಟಿಗೆ ಬಿದ್ದದ್ದು ಇಲ್ಲೇ ಇಲ್ಲ.

ಮಾವಾರು ಮಾತ ಆಡೂದು ಭಾಳ ಕಡಿಮಿ. ನಮ್ಮತ್ತಿ ನಾ ಬರೂ ಹಿಂದಿನ ವರ್ಷ ಹೋಗಿದ್ಲು. ಆಕಿ ಇರೂತನಕ ಗಿರಣ್ಯಾಗೂ ಕಟ್ಟಿ ಮ್ಯಾಲೂ ಇವರ ಬಾಜೂಕನ ಕುಂದ್ರತಿದ್ಲಂತ. ಆಕಿ ಹೋದ್ಲು, ಇವರು ಮಾತೂ ಬಿಟ್ರು ಅಂತ ಊರ ಮಂದಿ ಮರಗತಿದ್ರು. ಇನ್ನ ನಾನು? ಸೊಸಿ ಮಾವನ ಮುಂದ ಬಾಯಿ ಬಿಡೂದು ನಮ್ಮಲ್ಲಿ ಪದ್ಧತಿ ಅಲ್ಲ. ಸೆರಗು ಹಣಿತನಕ, ಮಾತು ಗಂಡನ ಬಾಯಿಲೆ. ಎರಡ ವರ್ಷ ಒಂದ ಮನ್ಯಾಗ ಇದ್ದು ನಾವಿಬ್ರೂ ಒಂದ ಮಾತ ಆಡಿದ್ದಿಲ್ಲ. ಅದರಾಗ ಏನೂ ವಿಶೇಷ ಇದ್ದಿಲ್ಲ, ಎಲ್ಲಾರ ಮನ್ಯಾಗೂ ಹಂಗ ಇತ್ತು.

ಎಪ್ಪತ್ತರ ದಶಕದ ನಡುವ ಡೀಸೆಲ್ಲಿನ ತ್ರಾಸ ಸುರು ಆತು. ಎಲ್ಲೋ ಪರದೇಶದಾಗ ಎಣ್ಣಿ ಕೊಡೂದಿಲ್ಲ ಅಂದ್ರಂತ, ಇಲ್ಲಿ ನಮ್ಮ ಜ್ವಾಳ ಕಾಳಾಗೇ ಉಳೀತು. ನಮ್ಮ ಮನಿಯವ್ರು ಬ್ಯಾರಲ್ ಕಟಗೊಂಡು ತಿರುಗಿದ್ದ ತಿರುಗಿದ್ದು. ಮುದ್ದೇಬಿಹಾಳಕ್ಕ ಬಂದೈತಿ ಅಂದ್ರ ಮುದ್ದೇಬಿಹಾಳ, ಅಲ್ಲಿ ಹೋದ್ರ ಸಿಂದಗಿಗೆ ಹೋಗ್ರಿ ಅಂತ, ಸಿಂದಗ್ಯಾಗ ಪಾಳಿ ಹಚ್ಚಿದ್ರ ಮುಂದಿನಾವಗ ಮುಗದು ಹೋಗೂದು. ಒಮ್ಮೆ ಇಂಡಿತನಕ ಹೋಗಿ, ನಮ್ಮವ್ವನ ಕೈಲೆ ಉಂಡು, ಖಾಲಿ ಬ್ಯಾರಲ್ ಜೋಡಿ ಒಂದ ಡಬ್ಬಿ ಶೇಂಗಾ ಚಟ್ನಿ ತಂದ್ರು. ಚಟ್ನಿ ಹಾಕಿದ್ರ ಇಂಜಿನ್ ಹೊಡಿತೈತೇನ್ರಿ ಅಂತ ನಾ ಕೇಳಿದೆ. ಅವ್ರು ಪಾಪ, ದಣದ ಮನಷ್ಯಾ, ನಕ್ಕು ಬ್ಯಾರಲ್ ಮೂಲಿಗೆ ಇಟ್ರು.

ಅದ ಹೊತ್ತಿನ್ಯಾಗ ಸರಕಾರದ ಒಬ್ಬ ಸಾಹೇಬ ಊರಿಗೆ ಬಂದ. ದೇಶದಾಗ ಎಣ್ಣಿ ಉಳಸಬೇಕು, ಇಂಜಿನ್ ಬಿಟ್ಟು ಕರೆಂಟಿನ ಮೋಟರ್ ಕುಂದ್ರಸ್ರಿ ಅಂತ ಪಂಚಾಯ್ತಿ ಕಟ್ಟಿ ಮ್ಯಾಲ ನಿಂತು ಭಾಷಣ ಮಾಡಿದ. ಎಣ್ಣಿ ಉಳಸ್ರಿ ಅಂತ ಹೇಳಾಕ ಅವ ಬಂದದ್ದು ಜೀಪಿನ್ಯಾಗ. ಹೊಳ್ಳಿ ಹೋಗಾಕ ಅದು ಸುರು ಆಗಲಿಲ್ಲ, ಹತ್ತ ಮಂದಿ ನೂಕಿದ್ರು. ಊರ ಮಂದಿ ಬಿದ್ದು ಬಿದ್ದು ನಕ್ರು. ನಾ ನಗಲಿಲ್ಲ. ನನ್ನ ತಲ್ಯಾಗ ಮೋಟರ್ ಅನ್ನೂ ಮಾತು ಹೊಕ್ಕೊಂಡು ಕುಂತಿತ್ತು.

ನಾ ಇಂಡ್ಯಾಗ ಬಲ್ಬಿನ ಬೆಳಕಿನ್ಯಾಗ ಬೆಳದಾಕಿ. ಇಲ್ಲೂ ಊರಿಗೆ ಲೈನ್ ಬಂದು ವರ್ಷ ಆಗಿತ್ತು, ಕಂಬ ನಮ್ಮ ಗಿರಣಿ ಮುಂದೇನ ಇತ್ತು. ಮನಿ ಮುಂದ ಕರೆಂಟ್ ಇಟಗೊಂಡು ಸಿಂದಗಿಗೆ ಬ್ಯಾರಲ್ ಉರುಳಸ್ತೀರಲ್ರಿ, ಬಾವಿ ದಂಡಿಗೆ ಕುಂತು ನೀರಡಿಸಿದಂಗಾತು ಅಂತ ದಿನಾ ಮನಿಯವ್ರ ಕಿವಿ ಕಡದೆ. ಅವ್ರಿಗೂ ಅನಸಿತ್ತು, ಆದ್ರ ಅಪ್ಪಗ ಹೇಳೂದು ಹೆಂಗ? ಕಡೀಕ ಒಂದಿನ, ಇಂಜಿನ್ ಹೊಡೀವಾಗೇನ, ಕಂಬದ ಕಡೆ ಕೈ ತೋರಿಸಿ, ಮೋಟರ್ ತಿರುಗಿದಂಗ ಬಟ್ಟು ತಿರುಗಿಸಿ ಹೇಳಿದ್ರು. ನಮ್ಮ ಮನ್ಯಾಗ ದೊಡ್ಡ ಮಾತೆಲ್ಲಾ ಆಗೂದು ಗಿರಣ್ಯಾಗೇ, ಕೈಸನ್ನಿಲೇನ.

ಮಾವಾರು ಬ್ಯಾಡಂತ ಕೈ ಒಗದ್ರು. ಒಂದ ಸಲ ಅಲ್ಲ, ನಾಕ ಸಲ. ಇಂಜಿನ್ ಮ್ಯಾಲಿನ ಪ್ರೀತಿ ಅಂತ ನಾವು ತಿಳಕೊಂಡ್ವಿ. ಆದ್ರ ಡೀಸೆಲ್ ಪೂರಾ ಆರಿ ಗಿರಣಿ ಎಂಟ ದಿನ ಬಾಗಲಾ ಹಾಕಿದಾಗ ಅವ್ರಿಗೂ ದಾರಿ ಉಳೀಲಿಲ್ಲ. ಅವತ್ತ ಬಾಯಿ ಬಿಟ್ಟು, ಯಾವಾಗ ಮಾತಾಡಿದ್ರೂ ಬರೂ ಆ ದೊಡ್ಡ ದನಿಲೆ ಅಂದ್ರು: "ಪಂಚಮಿತನಕ ನೋಡ್ತೇನಿ. ಮಂದಿ ಬರಲಿಲ್ಲಂದ್ರ ಮೋಟರ್ ಕಿತ್ತಿ ಇಂಜಿನ್ನ ಕುಂದ್ರಸ್ತೇನಿ. ಎಣ್ಣಿ ಇದ್ದಂದ ಗಿರಣಿ, ಇಲ್ಲದಂದ ಕೀಲಿ."

ಅಂದ್ರ ನಾಗರ ಪಂಚಮಿತನಕ ನನ್ನ ಮೋಟರಿಗೆ ಆಯುಷ್ಯ. ನನ್ನ ಮೋಟರ್ ಅಂತೇನಿ ನೋಡ್ರಿ, ನಾ ಹಡದಂಗ.

ಮಣ್ಣೆತ್ತಿನ ಅಮಾಸಿ ಮುಗದ ಮ್ಯಾಲ ಮೋಟರ್ ಬಂತು. ಇಂಜಿನ್ನಿನ ಮುಂದ ಅದು ಎಷ್ಟ ಸಣ್ಣದು, ಎಮ್ಮಿ ಮುಂದ ಕುರಿ ಮರಿ. ಓಣ್ಯಾನ ಮಂದಿ ಎಲ್ಲಾ ನೆರದ್ರು. ನೀರಾಗಿನ ಸತ್ವ ತಗದು ಕರೆಂಟ್ ಮಾಡ್ತಾರ, ಈ ಹಿಟ್ಟಿನ ರೊಟ್ಟಿ ತಿಂದ್ರ ಮೈಯಾನ ಸತ್ವಾನೂ ಹೋಗತೈತಿ ಅಂತ ಒಬ್ಬಾವ. ಆಲಮಟ್ಟ್ಯಾಗ ಆಣೆಕಟ್ಟು ಕಟ್ಟಿ ಮುಗದ್ರ ಕೃಷ್ಣಾ ನೀರು ಸಪ್ಪಗಾಗತೈತಿ ಅಂತ ಇನ್ನೊಬ್ಬಾವ. ಮನಿಯವ್ರು ಸ್ವಿಚ್ ಒತ್ತಿದ್ರು. ಹುಂ ಅಂತ ಒಂದ ಸಣ್ಣ ಸಪ್ಪಳ, ಪಟ್ಟಾ ತಿರುಗಿತು, ಕಲ್ಲು ತಿರುಗಿತು, ಜ್ವಾಳದ ಹಿಟ್ಟು ಬೆಳ್ಳಗ ಸುರದು ಬಂತು. ಹೊಗಿ ಇಲ್ಲ, ಎಣ್ಣಿ ನಾತ ಇಲ್ಲ, ಹ್ಯಾಂಡಲ್ ಹೊಡದು ರಟ್ಟಿ ನೋಯಿಸೂದು ಇಲ್ಲ. ಏನ್ ಹೇಳ್ಲಿ, ನನಗ ಕುಣೀಬೇಕು ಅನಿಸ್ತು. ಸೆರಗಿನ ಒಳಗ ಒಬ್ಬಾಕೀನ ನಕ್ಕೋತ ನಿಂತೆ. ಅವತ್ತಿನ ಹಿಟ್ಟಿನ್ಯಾಗ ನಾನ ರೊಟ್ಟಿ ಬಡದು, ಸತ್ವ ಹೋಗತೈತಿ ಅಂದಾವಗ ಎರಡ ಹೆಚ್ಚಿಗಿ ತಿನಿಸಿದೆ.

ಮರುದಿನ ಒಬ್ಬಾಕೀನೂ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಮೋಟರ್ ಹುಂ ಅಂತ ತಿರುಗತೈತಿ, ಮಾವಾರು ಕಲ್ಲಿನ ಮುಂದ ನಿಂತಾರ, ಬಾಗಲದಾಗ ನಾಯಿ ಮಲಗೈತಿ. ನನ್ನ ಜೀವ ಕೈಯಾಗ ಬಂತು. ಮೂರನೇ ದಿನ ನೀರಿಗೆ ಹೋದಾಗ ಹಳ್ಳದ ಆಚಿ ತೋಟದಾಕಿ ಸಿಕ್ಕಳು. ಊರಾಗ ನನ್ನಕಿಂತ ದೊಡ್ಡ ಬಾಯಿ ಇದ್ದಾಕಿ ಅಂದ್ರ ಆಕಿ ಒಬ್ಬಾಕೀನ. ನಿಮ್ಮ ಮೋಟರ್ ಕೆಟ್ಟೈತಂತಲ್ಲವಾ, ಮೂರ ದಿನ ಆತು ಕಿವಿ ಹಚ್ಚಿ ಕುಂತೇನಿ, ಕೂಕ್ ಅನ್ನವಲ್ದು ಅಂತ ಕೇಳಿದ್ಲು.

ನಾ ಹಣಿ ಹಣಿ ಬಡಕೊಂಡೆ. ಸಪ್ಪಳ ಇಲ್ಲ ಅಂತ ಕುಣಿದಾಕಿ ನಾನ, ಸಪ್ಪಳ ಇಲ್ಲದ ಮಂದಿ ಬರೂದು ಹೆಂಗ ಅಂತ ಅನಸಲೇ ಇಲ್ಲ. ಬಾವಿ ಕಟ್ಟಿ ಮ್ಯಾಲೇನ ನಿಂತು ಎಲ್ಲಾರಿಗೂ ಕೂಗಿ ಹೇಳಿದೆ, ಗಿರಣಿ ಸುರು ಐತಿ ಬರ್ರವಾ ಅಂತ. ಅವತ್ತ ಮಧ್ಯಾಹ್ನಕ್ಕ ಹತ್ತ ಬುಟ್ಟಿ ಬಂದ್ವು. ಮರುದಿನ ಮತ್ತ ಹೋಗಿ ಕೂಗಿದೆ. ಗಂಟಲ ಬಿತ್ತು, ಬೀಳವಲ್ದ್ಯಾಕ ಅಂದೆ. ನನ್ನ ದೊಡ್ಡ ಬಾಯಿ ಕಡೀಕೂ ಒಂದ ಕೆಲಸಕ್ಕ ಬಂತಲ್ಲ.

ಆದ್ರ ಬಂದಾರು ಹೊಳ್ಳಿ ಹೋಗುವಾಗ ಮಾರಿ ಸೊಟ್ಟಗ ಮಾಡಕೊಂಡು ಹೋಗಾಕ ಹತ್ತಿದ್ರು. ಮುದುಕ ಮಾತಾಡಿಸಿದ್ರ ಮಾತಾಡೂದಿಲ್ಲ ಅಂತ ಒಬ್ಬಾಕಿ. ಕೂಸು ಅಳಾಕತ್ತೈತಿ, ನಂದೊಂದಿಷ್ಟ ಮುಂಚೆ ಹಾಕ್ರಿ ಅಂದ್ರ ಹೊಳ್ಳಿ ಸೈತ ನೋಡಲಿಲ್ಲ ಅಂತ ಇನ್ನೊಬ್ಬಾಕಿ. ಗಿರಣ್ಯಾಗ ಈಗ ಮಾತು ಕೇಳತಿತ್ತಲ್ಲ, ಹೆಣ್ಮಕ್ಕಳು ಕೈಸನ್ನಿ ಬಿಟ್ಟು ಬಾಯಿಗೆ ಬಿದ್ದಿದ್ರು. ನಾ ಅದಕ್ಕೂ ಖುಷಿಪಟ್ಟಿದ್ದೆ.

ಪಂಚಮಿಗೆ ಇನ್ನ ಐದ ದಿನ ಇದ್ದಾಗ ತೋಟದಾಕಿ ಒಂದ ಬುಟ್ಟಿ ಗೋದಿ ತಂದ್ಲು. ಆಕಿ ಮಗಳು ಮದವ್ಯಾದ ಮ್ಯಾಲ ಮೊದಲ ಪಂಚಮಿಗೆ ತವರಿಗೆ ಬರಾಕಿ, ರವಾ ಉಂಡಿ ಕಟ್ಟಬೇಕು. ಬುಟ್ಟಿ ಇಳಿಸಿ, ರವಾ ಒಡೀರಿ ಅಣ್ಣಾರ, ದಪ್ಪಗ ಇರ್ಲಿ ಅಂತ ಬಾಯಿಲೆ ಹೇಳಿ ಹೊರಗ ಹೋಗಿ ಕುಂತಳು. ಮಾವಾರು ಗೋದಿ ನೋಡಿದ್ರು, ಆಕಿ ಕೈ ಎತ್ತಿದ್ದು ಕಾಣಲಿಲ್ಲ, ಚಪಾತಿಗೆ ಅಂತ ತಿಳದು ನುಣ್ಣಗ ಬೀಸಿ ಇಟ್ರು. ಆಕಿ ಬಂದು ಬುಟ್ಟ್ಯಾಗ ಕೈ ಹಾಕಿ ನೋಡಿ ಹೌಹಾರಿದ್ಲು. ಬಯ್ದ್ಲು, ಅತ್ಲು, ಮತ್ತ ಬಯ್ದ್ಲು. ಮಾವಾರು ಆಕಿಗೆ ಬೆನ್ನ ಹಾಕಿ ಕಲ್ಲು ಒರಸೋತ ನಿಂತಿದ್ರು. ಕರೆಂಟ್ ಬಂತಂತ ಇವರಿಗೆ ಸೊಕ್ಕು ಬಂತು, ಇನ್ನ ಈ ಗಿರಣಿ ಹೊಸ್ತಲಾ ತುಳಿಯಾಂಗಿಲ್ಲ ಅಂದು ಆಕಿ ಹೋದ್ಲು. ಸಂಜಿಕ ಊರಿಗೆಲ್ಲಾ ಗೊತ್ತಾತು. ಮರುದಿನ ನಾ ಬಾವಿ ಕಟ್ಟಿ ಮ್ಯಾಲ ಎಷ್ಟ ಕೂಗಿದ್ರೂ ಯಾರೂ ಕೊಡಾ ಇಳಸಿ ನನ್ನ ಕಡೆ ನೋಡಲಿಲ್ಲ. ಬಾಜೂ ಊರಾಗ ಇನ್ನೂ ಇಂಜಿನ್ ಗಿರಣಿ ಇತ್ತು, ಎಲ್ಲಾ ಬುಟ್ಟಿ ಆ ಕಡೆ ನಡದ್ವು.

ನನಗ ಸಿಟ್ಟು ನೆತ್ತಿಗೇರಿತು. ನೀರಿನ ಕೊಡಾ ಅಂಗಳದಾಗ ಕುಕ್ಕರಿಸಿ ಸೀದಾ ಗಿರಣಿಗೆ ಹೋದೆ. ಮಾವಾರು ಬಾಗಲಕ್ಕ ಬೆನ್ನ ಮಾಡಿ, ಮನಿ ಜ್ವಾಳ ಹಾಕೋತ ನಿಂತಿದ್ರು. ಮನಿಯವ್ರು ಇದ್ದಿಲ್ಲ. ಸೆರಗು ಹಿಂದಕ ಜಾರಿತ್ತು, ಜಾರಲಿ ಅಂದೆ. ಎರಡ ವರ್ಷದ ಮ್ಯಾಲ ಮೊದಲನೇ ಸಲ ಮಾವನ ಮುಂದ ಬಾಯಿ ಬಿಟ್ಟೆ. ಆಕಿ ಮಗಳ ಉಂಡಿ ಹಾಳಾದ್ವು, ಒಂದ ಮಾತು ತಪ್ಪಾತು ಅಂದಿದ್ರ ನಿಮ್ಮ ಗಂಟೇನ್ರಿ ಹೋಗತಿತ್ತು ಅಂದೆ. ಮೋಟರ್ ಬ್ಯಾಡಾಗಿದ್ರ ನೆಟ್ಟಗ ಬ್ಯಾಡ ಅನ್ನಬೇಕಿತ್ತು, ಹಿಂಗ ಮಂದಿನ ಓಡಿಸಿ ಹಟಾ ಸಾಧಿಸ್ತೀರೇನು ಅಂದೆ. ಇನ್ನೂ ಏನೇನೋ ಅಂದೆ, ಬರೀಬಾರದಂಥಾದ್ದು. ಅವ್ರು ಹೊಳ್ಳಿ ನೋಡಲಿಲ್ಲ.

ಬಾಗಲ ಬಾಜೂಕ ಖಾಲಿ ಎಣ್ಣಿ ಡಬ್ಬಿ ಇತ್ತು. ಸಿಟ್ಟಿನ್ಯಾಗ ಒದ್ದೆ. ಅದು ಫರಶಿ ಮ್ಯಾಲ ಬಡಕೋತ ಹೋಗಿ ಮೂಲ್ಯಾಗ ಇಟ್ಟಿದ್ದ ಇಂಜಿನ್ನಿಗೆ ಬಡದ ಸಪ್ಪಳಕ್ಕ ಜಂತ್ಯಾಗಿನ ಪಾರಿವಾಳ ಎಲ್ಲಾ ಪಟಪಟ ಹಾರಿದ್ವು, ಹೊರಗ ನಾಯಿ ಎದ್ದು ಓಡಿತು. ಮಾವಾರ ಭುಜಾ ಸೈತ ಅಲುಗಲಿಲ್ಲ. ಕಾಳು ಹಾಕೋದು ಹಾಕಕೋತನ ಇದ್ರು.

ಅವ್ರ ಎಡಗೈ ಮೋಟರಿನ ಮೈ ಮ್ಯಾಲ ಇಟ್ಟಿದ್ದು ಅವಾಗ ಕಂಡಿತು. ಅದು ತಿರುಗಾಕತ್ತೈತೋ ಇಲ್ಲೋ ಅಂತ ಕೈಲೆ ತಿಳಕೋತಿದ್ರು.

ಕಾಳು ಮುಗದ ಮ್ಯಾಲ ಹೊಳ್ಳಿ ನೋಡಿದ್ರು. ಇಂಜಿನ್ ಬುಡಕ ಬಿದ್ದ ಡಬ್ಬಿ ನೋಡಿದ್ರು, ಹಾರೂ ಪಾರಿವಾಳ ನೋಡಿದ್ರು, ತಲಿ ಮ್ಯಾಲ ಸೆರಗಿಲ್ಲದ ನನ್ನ ಮಾರಿ ನೋಡಿದ್ರು. ಎಲ್ಲಾ ತಿಳೀತು ಅವ್ರಿಗೆ. ಮೋಟರ್ ಬಂದ್ ಮಾಡಿ, ಕೈಯಾಗಿನ ಹಿಟ್ಟು ಜಾಡಿಸಿಕೊಂಡ್ರು.

"ಇಂಜಿನ್ ಇದ್ದಾಗ ಯಾರೂ ಬಾಯಿಲೆ ಮಾತಾಡ್ತಿದ್ದಿಲ್ಲ, ಯವ್ವಾ" ಅಂದ್ರು. "ಅದರ ಸಪ್ಪಳದಾಗ ಬಂದ್ರ ಎಲ್ಲಾರೂ ನನ್ನಂಗ ಆಗತಿದ್ರು."

ಇವರಿಗೆ ಕಿವಿ ಪೂರಾ ಕೇಳೂದಿಲ್ಲ ಅಂತ ನಮ್ಮತ್ತಿಗೆ ಗೊತ್ತಿತ್ತಂತ. ಆಕಿ ಬಾಜೂಕ ಕುಂತು, ಮಂದಿ ಅಂದದ್ದನ್ನ ಇವರ ತೊಡಿ ಮ್ಯಾಲ ಬಟ್ಟಿಲೆ ಹೇಳತಿದ್ಲಂತ. ಮನಿಯವ್ರು ಅಪ್ಪಗ ಕಿವಿ ಒಂದೀಟು ಮಂದ ಅಂತ ಅಷ್ಟ ತಿಳದಿದ್ರು. ಕಿವುಡನ ಕೈಯಾಗ ಕಲ್ಲು ಕೊಡಬ್ಯಾಡ್ರಿ ಅಂತ ಊರು ಅಂದ್ರ ನಾ ಎಲ್ಲಿ ಹೋಗಿ ಕುಂದ್ರಲಿ ಅಂತ ಮಾವಾರು ಕೇಳಿದ್ರು. ಪಂಚಮಿ ಆದ ಮ್ಯಾಲ ಮೋಟರ್ ನೀವು ನಡಸ್ರಿ, ನಾ ಗಿರಣಿ ಬಿಡ್ತೇನಿ ಅಂದ್ರು. ನಾ ಅತ್ತೆ. ಸಿಟ್ಟಿನಾಕಿಗೆ ಅಳು ಲಗೂನ ಬರೂದಿಲ್ಲ, ಬಂದ್ರ ನಿಲ್ಲೂದಿಲ್ಲ.

ಅತ್ತು ಮುಗದ ಮ್ಯಾಲ ನನಗ ಹುಚ್ಚ ಹುರುಪು ಬಂತು. ಗಿರಣಿ ಗ್ವಾಡಿ ಮ್ಯಾಲ ಸೇರಿನ ಲೆಕ್ಕ ಬರಿಯೂ ಸುಣ್ಣದ ತುಂಡ ತಗೊಂಡು, ಅವ್ರು ಓದೂವಂಗ ದೊಡ್ಡ ಅಕ್ಷರದಾಗ ಬರದೆ: ನೀವು ಗಿರಣಿ ಬಿಟ್ರ ನಾ ಇಂಡಿಗೆ ಹೋಗ್ತೇನಿ. ಅದರ ಕೆಳಗ ಬರದೆ: ಕೈಸನ್ನಿ ನಾ ನೋಡಕೋತೇನಿ. ಇನ್ನೂ ಕೆಳಗ: ಮೋಟರಿಗೆ ಕೂಕ್ ಇಲ್ಲ, ಮಂದಿಗೆ ಕೇಳೂದಿಲ್ಲ, ಅದನ್ನ ನೀವು ನೋಡ್ರಿ. ಮಾವಾರು ಒಂದೊಂದ ಅಕ್ಷರ ಕೂಡಿಸಿ ಓದಿದ್ರು. ನಾ ಸೆರಗು ಸರಿ ಮಾಡಕೊಂಡು ಹೊರಗ ಬಂದೆ.

ನಾ ಮಾಡಿದ್ದು ಶುದ್ಧ ಸುಳ್ಳಿನ ಕೆಲಸ. ಮನಿ ಮನಿಗೆ ಹೋಗಿ, ಕರೆಂಟಿನ ಮುಂದ ಬಾಯಿ ಬಿಟ್ಟು ಮಾತಾಡಬಾರದಂತ, ಉಸಿರು ಎಳಕೋತೈತಂತ, ಅದಕ್ಕ ನಮ್ಮ ಮಾವಾರು ಮಾತಾಡಲಿಲ್ಲ ಅಂತ ಹೇಳಿದೆ. ಇಂಜಿನ್ ಇದ್ದಾಗಿನಂಗ ಕೈಸನ್ನೀನ ಮಾಡ್ರಿ ಅಂದೆ. ನೀರಾಗಿನ ಸತ್ವ ಹೋಗತೈತಿ ಅಂತ ನಂಬಿದ ಮಂದಿಗೆ ಇದೇನ ದೊಡ್ಡದಲ್ಲ, ಗೋಣ ಹಾಕಿದ್ರು. ತೋಟದಾಕಿ ಮಾತ್ರ ಹಂಗ ಬಿಡಾಕಿ ಅಲ್ಲ. ನಮ್ಮ ಮನಿ ಗೋದಿ ಒಂದ ಬುಟ್ಟಿ ಹೊತಗೊಂಡು ಆಕಿ ಹೊಸ್ತಲಕ್ಕ ಇಟ್ಟೆ, ನಿನ್ನ ಮಗಳಿಗೆ ರವಾ ಒಡಿಸಿಕೊಂಡು ಹೋಗವಾ ಅಂದೆ. ನನ್ನ ಮಾರಿ ಭಾಳ ಹೊತ್ತು ನೋಡಿದ್ಲು. ಉಸಿರು ಎಳಕೊಳ್ಳೂ ಮೋಟರ್ ಮುಂದ ಮುದುಕ ದಿನಾ ಹೆಂಗ ನಿಂದ್ರತಾನ ಅಂತ ಕೇಳಿದ್ಲು. ಇಷ್ಟ ದೊಡ್ಡ ಬಾಯಿ ಇದ್ದಾಕಿ ನಾನು, ಬುಟ್ಟಿ ಇನ್ನೊಂದೀಟು ಆಕಿ ಕಡೆ ಸರಿಸಿದೆ ಅಷ್ಟ. ಆಕಿ ಬುಟ್ಟಿ ಒಳಗ ತಗೊಂಡ್ಲು.

ಮರುದಿನ ಮುಂಜಾನೆ ಬಾವ್ಯಾಗ ಕೊಡಾ ಬಿಟ್ಟಿದ್ದೆ. ಊರ ಕಡಿಂದ ಟಣ್ ಅಂತ ಒಂದ ಸಪ್ಪಳ ಬಂತು. ಸಾಲಿ ಗಂಟಿ ಅಲ್ಲ, ಗುಡಿ ಗಂಟಿ ಅಲ್ಲ, ಅವೆರಡಕ್ಕಿಂತ ಭಾರ. ಮತ್ತ ಟಣ್. ಬಾವಿ ಮ್ಯಾಲಿನ ಹೆಣ್ಮಕ್ಕಳೆಲ್ಲಾ ಹಗ್ಗ ಹಿಡದು ನಿಂತ್ರು. ನಾ ಅರ್ಧಾ ಕೊಡಾ ಎತಗೊಂಡು ಓಡಿದೆ, ಸೀರಿ ಎಲ್ಲಾ ತೊಯ್ತು.

ಗಿರಣಿ ಮುಂದಿನ ಬೇವಿನ ಗಿಡದ ಟೊಂಗಿಗೆ ಸರಪಳಿ ಹಾಕಿ ಒಂದ ಕಬ್ಬಿಣದ ಗಾಲಿ ಕಟ್ಟಿದ್ರು. ಮಾವಾರು ಕಲ್ಲು ಹೊಡಿಯೂ ಸುತ್ತಗಿಲೆ ಬಡಿಯಾಕತ್ತಿದ್ರು. ಮನಿಯವ್ರು ಬಾಜೂಕ ಬೆವತು ನಿಂತಿದ್ರು, ಮಾರಿ ಒಂಥರಾ ಆಗಿತ್ತು. ಎಲ್ಲೀದ್ರಿ ಇದು ಅಂತ ಕಣ್ಣಿಲೇ ಕೇಳಿದೆ. ಅವ್ರು ಒಳಗ ಕೈ ತೋರಿಸಿದ್ರು. ಗೋಣಿ ಚೀಲ ಹೊಚ್ಚಿ, ದಿನಾ ಎಣ್ಣಿ ಒರಸಿ ಇಟ್ಟಿದ್ದ ಆ ಕರೀ ಇಂಜಿನ್ನಿಗೆ ಪಟ್ಟಾ ಹಾಕೂ ಗಾಲಿ ಇದ್ದಿಲ್ಲ. ಅದನ್ನ ಮಾವಾರು ತಾವ ಬಿಚ್ಚಿದ್ರು. ಗಾಲಿ ಇಲ್ಲದ ಇಂಜಿನ್ ಇನ್ನ ಡೀಸೆಲ್ ಬಂದ್ರೂ ಅಷ್ಟ, ಬಿಟ್ರೂ ಅಷ್ಟ.

ಒಂದ ಸಲ ಬಡದು, ಅಂಗೈ ಗಾಲಿ ಮ್ಯಾಲ ಇಟ್ಟು, ಅದರ ನಡುಕ ನಿಲ್ಲೂತನಕ ಹಿಡದು, ಮತ್ತ ಬಡಿಯೂದು. ಹಂಗ ಎಂಟ ಹತ್ತ ಸಲ. ಆಮ್ಯಾಲ ನನ್ನ ಕಡೆ ಹೊಳ್ಳಿ, ತಮ್ಮ ದನಿ ಎಷ್ಟ ದೊಡ್ಡದು ಅಂತ ತಮಗ ಗೊತ್ತಿಲ್ಲದ ಆ ದೊಡ್ಡ ದನಿಲೆ, ಓಣಿಗೆಲ್ಲಾ ಕೇಳೂವಂಗ ಕೇಳಿದ್ರು: "ಹಳ್ಳದ ಆಚಿತನಕ ಕೇಳತೈತೇನು?"

ನಾ ಬಾಯಿ ತಗದೆ, ಮುಚ್ಚಿದೆ. ಕೈ ಎತ್ತಿ ಹಳ್ಳದ ಕಡೆ ತೋರಿಸಿದೆ. ಏರಿ ಹತ್ತಿ ಬುಟ್ಟಿ ಬರಾಕತ್ತಿದ್ವು, ಒಂದ, ಎರಡ, ಹಿಂದ ಮತ್ತ ನಾಕ. ಮುಂದ ತೋಟದಾಕಿ. ಇನ್ನೂ ಅಷ್ಟ ದೂರ ಇದ್ಲು, ಕೂಗಿದ್ರ ಕೇಳೂವಷ್ಟು ದೊಡ್ಡ ಬಾಯಿ ಇದ್ದಾಕಿ. ಕೂಗಲಿಲ್ಲ. ಎಡಗೈಲೆ ತಲಿ ಮ್ಯಾಲಿನ ಬುಟ್ಟಿ ಹಿಡದು, ಮಾವಾರಿಗೆ ಕಾಣೂವಂಗ ಬಲಗೈ ಮುಷ್ಟಿ ಮ್ಯಾಲೆತ್ತಿದ್ಲು.

ರವಾ. ಮಾವಾರು ಗೋಣ ಹಾಕಿ, ಸುತ್ತಗಿ ನನ್ನ ಕೈಯಾಗ ಕೊಟ್ಟು, ದಪ್ಪಗ ಬೀಳಲಿ ಅಂತ ಕಲ್ಲು ಎತ್ತರಿಸಾಕ ಒಳಗ ಹೋದ್ರು.